ದೋಣಿಯವನಿಗೆ ಕುಡಿಸಿದ ಚಹಾ

"ಜೀವಮಾನವೆಲ್ಲ ಕಾಲುವೆ ನೀರಿನ ಮೇಲೇ ಬದುಕಿದೀನಿ ಡಾಕ್ಟರಮ್ಮ. ನೀರು ಒಳಗಿಂದಾನೂ ಮುಳುಗಿಸುತ್ತೆ ಅಂತ ಇಲ್ಲಿ ಬಂದ್ಮೇಲೇ ಗೊತ್ತಾಗಿದ್ದು," ಎಂದ ಬ್ಲಿಸೆಟ್.

ಸರಕುದೋಣಿಯ ಮುದುಕ. ಹಗ್ಗ ಉಜ್ಜಿ ಅಂಗೈಯಲ್ಲಾದ ಗಾಯ ಕೀವಾಗಿ, ನಂಜು ರಕ್ತಕ್ಕೇರಿ, ಇನ್ನೇನು ಮುಗಿಯಿತು ಎನ್ನುವಾಗ ಆಕ್ಸ್‌ಫರ್ಡಿನ ಆಸ್ಪತ್ರೆಗೆ ತಂದು ಮಲಗಿಸಿದ್ದರು. ಮೈ ಇನ್ನೂ ಕೆಂಡದಂತಿತ್ತು. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ತಗುಲಿರಲಿಲ್ಲ.

ಇಷ್ಟೊಂದು ನೀರು ಕುಡಿಸುತ್ತಿರುವವರು ಯಾರು ಎಂದು ಲ್ಯಾಬಿನಿಂದ ಬಂದ ಡಾಕ್ಟರ್ ಹೆಸ್ಟರ್ ಕೇಳಿದಳು. ಮುದುಕ ಗಲ್ಲದಿಂದಲೇ ಬಾಗಿಲ ಕಡೆ ತೋರಿಸಿದ. ಅಲ್ಲಿ ವಾರ್ಡಿನ ಕಿರಿಯ ಡಾಕ್ಟರ್ ಆಂಬ್ರೋಸ್, ಕೈಯಲ್ಲಿದ್ದ ಚಹಾದ ಮಗ್ಗನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ, ತಾನೇ ಒಂದು ಗುಟುಕು ಕುಡಿದುಬಿಟ್ಟ.

ಬೂಷ್ಟಿನಿಂದ ಔಷಧಿ ತೆಗೆಯುವ ಹುಚ್ಚು ಹೆಸ್ಟರಳದು. ಯುದ್ಧದ ಕಾಲ, ಗಾಜಿನ ಪಾತ್ರೆ ಸಿಗದೆ ಬೆಡ್‌ಪ್ಯಾನುಗಳಲ್ಲೇ ಬೂಷ್ಟು ಬೆಳೆಸುತ್ತಿದ್ದಳು. ಅಷ್ಟು ಪಾಡುಪಟ್ಟರೂ ಕೈಗೆ ಬರುವ ಪೆನಿಸಿಲಿನ್ ಒಂದು ಚಿಟಿಕೆ. ಅದೂ ರೋಗಿಯ ಮೈಯಲ್ಲಿ ನಿಲ್ಲದೆ ಮೂತ್ರದ ಜೊತೆ ಹೊರಟುಬಿಡುತ್ತಿತ್ತು. ಹಾಗಾದರೆ ಮೂತ್ರವನ್ನೇ ಹಿಡಿದಿಟ್ಟು, ಔಷಧಿ ಮತ್ತೆ ತೆಗೆದು, ಮತ್ತೆ ಅವನಿಗೇ ಚುಚ್ಚೋಣ ಎಂದವಳು ಅವಳೇ. ದೊಡ್ಡ ಪ್ರೊಫೆಸರುಗಳು ಮೂಗು ಮುಚ್ಚಿಕೊಂಡರು. ಆಂಬ್ರೋಸ್ ಮಾತ್ರ ಮೂತ್ರದ ಬಾಟಲಿಗಳನ್ನು ವಾರ್ಡಿನಿಂದ ಅವಳ ಲ್ಯಾಬಿಗೆ ತರಲು ಸೈಕಲ್ ಏರಿದ.

ನಿನ್ನೆ ಬಾಟಲಿ ಮೇಲೆ ಬಾಟಲಿ ಬಂದಿತ್ತು. ಪ್ರತಿ ಸಲ ಅವಳ ಮುಖ ಅರಳಿತ್ತು; ಸೈಕಲ್ ಬೆಲ್ಲು ಕೇಳಿದಾಗ ಕೈ ತಾನಾಗಿ ಕೂದಲು ಸರಿಮಾಡಿಕೊಂಡದ್ದೂ ಉಂಟು. ಆದರೆ ಸೋಸಿ, ಕುಲುಕಿ, ಬೇರ್ಪಡಿಸಿ ನೋಡಿದರೆ ಔಷಧಿ ಜಾಸ್ತಿಯಾಗಿರಲಿಲ್ಲ. ಬರೀ ನೀರು. ಅಷ್ಟನ್ನೆಲ್ಲ ಸೋಸುವಷ್ಟರಲ್ಲಿ ಹೊತ್ತು ಮೀರಿ, ಇದ್ದದ್ದರಲ್ಲೂ ಒಂದಿಷ್ಟು ಕೆಟ್ಟುಹೋಗಿತ್ತು. ಸಂಜೆಯ ಇಂಜೆಕ್ಷನ್ನಿಗೆ ಸಾಲದು. ಅದು ತಪ್ಪಿದರೆ ಮುದುಕ ಉಳಿಯುವುದು ಕಷ್ಟ.

"ಹಾಲಿಗೆ ನೀರು ಸುರಿದ್ರೆ ಹಸು ಜಾಸ್ತಿ ಕರೆದ ಹಾಗಾಗುತ್ತಾ ಡಾಕ್ಟರೇ?" ಎಂದಳು ಹೆಸ್ಟರ್.

ಆಂಬ್ರೋಸನ ಕಿವಿ ಕೆಂಪಾಯಿತು. ಜಾಸ್ತಿ ಬಂದರೆ ಒಳ್ಳೆಯದೇ ಅಂದುಕೊಂಡೆ ಎಂದು ಏನೋ ಗೊಣಗಿದ.

"ನಂಬಬೇಡಿ ತಾಯಿ," ಎಂದ ಬ್ಲಿಸೆಟ್. "ತನ್ನ ರೇಷನ್ ಚಹಾಪುಡಿ ಪೂರ್ತಿ ನನ್ನ ಹೊಟ್ಟೆಗೆ ಸುರಿದಿದಾನೆ. ಈ ಕಾಲದಲ್ಲಿ ಹೆಂಡ್ತಿಗೂ ಯಾರೂ ಅಷ್ಟು ಕೊಡಲ್ಲ. ಪ್ರೀತಿ ಇವನದು, ಬಾಟಲಿ ತುಂಬೋ ಪಾಡು ನನ್ನದು."

ಹೆಸ್ಟರಳಿಗೆ ನಗು ಬಂತು, ನಗಲಿಲ್ಲ. ಮಗ್ ಕೆಳಗಿಟ್ಟು ಬನ್ನಿ, ಉಳಿದ ಬಾಟಲಿಗಳನ್ನು ಸಂಜೆಯೊಳಗೆ ಮುಗಿಸಬೇಕು ಎಂದಷ್ಟೇ ಹೇಳಿದಳು.

ಲ್ಯಾಬಿನ ತಣ್ಣನೆ ಕೋಣೆಯಲ್ಲಿ ಇಬ್ಬರೂ ಓವರ್‌ಕೋಟು ಹಾಕಿಕೊಂಡೇ ಕುಲುಕಲು ನಿಂತರು. ಬಾಯಿಂದ ಹೊಗೆ, ಬೆರಳು ಮರಗಟ್ಟಿದ್ದವು. ಅವನು ಜೋರಾಗಿ ಕುಲುಕಿದಾಗ ಅವಳು ಕೈ ಮೇಲೆ ಕೈಯಿಟ್ಟು ನಿಧಾನ ಕಲಿಸಿದಳು. ಕಲಿತ ಮೇಲೂ ಅವನು ಬೇಕೆಂದೇ ತಪ್ಪಿದ. ಅವಳಿಗೆ ಗೊತ್ತಾಯಿತು. ಕೈ ತೆಗೆಯಲಿಲ್ಲ.

"ಒಂದು ಬಾಟಲಿ ತುಂಬಿದ್ರೆ ನಿಮ್ಮ ಹತ್ರ ಒಂದು ಸಲ ಬರಬಹುದಿತ್ತು," ಎಂದ ಅವನು. "ಬಾಗಿಲಲ್ಲಿ ನೀವು ಹೇಗೆ ನೋಡ್ತಿದ್ರಿ ಅಂದ್ರೆ..."

"ನಾನು ನೋಡ್ತಿದ್ದದ್ದು ಬಾಟಲಿನ."

"ಗೊತ್ತು. ನನ್ನ ಯಾರೂ ಹಾಗೆ ನೋಡಿಲ್ಲ. ಆ ಮುದುಕನ ಉಚ್ಚೆ ಮೇಲೆ ನನಗೆ ಹೊಟ್ಟೆಕಿಚ್ಚು."

ಹೆಸ್ಟರ್ ತಿರುಗಿ ಗೋಡೆಗೆ ಮುಖಮಾಡಿ, ಭುಜ ಕುಣಿಯುವಷ್ಟು ನಕ್ಕಳು.

ಸಂಜೆಯ ಇಂಜೆಕ್ಷನ್ನಿಗೆ ಔಷಧಿ ಅಂತೂ ಸಾಕಾಯಿತು, ಒಂದು ಹನಿಯೂ ಮಿಗದೆ. ಮರುದಿನ ಮಧ್ಯಾಹ್ನ ಅವಳು ಕೋಣೆಯಿಂದ ಹೊರಬರುವಾಗ ಆಂಬ್ರೋಸ್ ಬರಿಗೈಯಲ್ಲಿ ನಿಂತಿದ್ದ. ಬಾಟಲಿ ಇಲ್ಲವೆಂದರೆ ಮುದುಕ ಹೋದನೇ ಎಂದುಕೊಂಡಳು.

"ಜ್ವರ ಇಳೀತು," ಎಂದ. "ಹುರಿದ ಮೀನು ಬೇಕಂತೆ, ಸಿಸ್ಟರ್ ಜೊತೆ ಜಗಳ ಆಡ್ತಿದಾನೆ. ಇನ್ಮೇಲೆ ಬಾಟಲಿ ತರೋದು ಜವಾನನ ಕೆಲಸ ಅಂತ ದೊಡ್ಡ ಡಾಕ್ಟರು ಹೇಳ್ಬಿಟ್ರು. ಬರೋಕೆ ನನಗೆ ನೆಪ ಇಲ್ಲ."

"ಅದೇ ಒಳ್ಳೇದು. ಸುಮ್ನೆ ಬನ್ನಿ, ದಿನಾ ಬನ್ನಿ. ನಿಮ್ಮನ್ನೇ ನೋಡ್ತೀನಿ."

ಹೊರಗಿನ ಬೆಚ್ಚಗಿನ ಗಾಳಿಗೆ ಅವಳ ಕನ್ನಡಕ ಪೂರ್ತಿ ಮಂಜಾಗಿತ್ತು. ಅದನ್ನು ತೆಗೆದು, ಒರೆಸಲು ಬಟ್ಟೆ ಕಾಣದೆ, ಅವನ ಮಫ್ಲರಿನ ತುದಿ ಹಿಡಿದು ಎಳೆದುಕೊಂಡಳು. ಮಫ್ಲರ್ ಅವನ ಕತ್ತಿನಲ್ಲೇ ಇತ್ತು.