ಅಂಗಡಿಯ ಬೋರ್ಡಿಗೊಂದು ಮುಖ

ಹಿರಿಯಳಿಯನ ಮುಖ ಹೊಳೆಯತೊಡಗಿದಂದಿನಿಂದ ಕಿರಿಯಳಿಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಮಾವನವರದು ಕನ್ನಡಕದ ಅಂಗಡಿ. ಕೆಳಗೆ ವ್ಯಾಪಾರ, ಮೇಲಿನ ಎರಡು ಅಂತಸ್ತುಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ಸಂಸಾರ. ಕಿರಿಯವನು ಮದುವೆಯಾದಾಗಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತಿದ್ದ. ಹಿರಿಯವನು ಬೇರೆಲ್ಲೋ ಇದ್ದ ಕೆಲಸ ಬಿಟ್ಟು ಮೊನ್ನೆ ಮೊನ್ನೆ ಬಂದು ಮುಂದಿನ ಕೌಂಟರಿನಲ್ಲಿ ನಿಂತವನು. ಕೌಂಟರಿನಲ್ಲಿ ಅವನು ಬೇರೇನೂ ಮಾಡುತ್ತಿರಲಿಲ್ಲ. ನಿಲ್ಲುತ್ತಿದ್ದ, ಅಷ್ಟೆ.

ಆದರೆ ಏನು ನಿಲ್ಲುವಿಕೆ! ಮೊದಲು ಚರ್ಮದ ಕ್ಲಿನಿಕ್ಕಿಗೆ ಹೋಗಿ ಮುಖದ ಮೇಲುಪದರ ಸುಲಿಸಿಕೊಂಡು ಬಂದ. ಆಮೇಲೆ ಲೇಸರ್. ಆಮೇಲೆ ಹಣೆಗೆ ಇಂಜೆಕ್ಷನ್. ಅಂದಿನಿಂದ ಆ ಹಣೆ ಯಾವ ಸುದ್ದಿಗೂ ಅಲುಗಲಿಲ್ಲ. ಅವನ ಸ್ವಂತ ಚಿಕ್ಕಪ್ಪ ತೀರಿಕೊಂಡಾಗಲೂ ಅದೇ ಮುಖ, ಸಾಲ ತೆಗೆದುಕೊಂಡವನು ತಾನಾಗಿ ಬಂದು ತೀರಿಸಿದಾಗಲೂ ಅದೇ ಮುಖ. ಎಷ್ಟೋ ಜನ್ಮ ತಪಸ್ಸು ಮಾಡಿದವರಿಗೆ ಸಿದ್ಧಿಸುವ ಸಮಚಿತ್ತ ಅವನಿಗೆ ಒಂದು ಮಧ್ಯಾಹ್ನ, ಮಲಗಿದಲ್ಲೇ ಸಿದ್ಧಿಸಿತ್ತು.

ಕನ್ನಡಕಕ್ಕೆಂದು ಬಂದ ಹೆಂಗಸರು ಕ್ಲಿನಿಕ್ಕಿನ ವಿಳಾಸ ಕೇಳಿದರು. ಗಂಡಸರು, ಹೆಂಗಸರೆಲ್ಲ ಹೋಗಲಿ ಎಂದು ಕಾದಿದ್ದು ಕೇಳಿದರು. ಬರಬರುತ್ತ ಕಾಯುವುದನ್ನೂ ಬಿಟ್ಟರು. ಅಂಚೆಯವನ ಕಣ್ಣಡಿಯ ಕಪ್ಪು ಕರಗಿತು. ಡ್ರಿಲ್ ಮೇಷ್ಟರ ಕೆನ್ನೆಯ ಗುಳಿಗಳು ತುಂಬಿಕೊಂಡವು. ಎದುರಿನ ಬೀಗ ರಿಪೇರಿಯವನು ಮುಖಕ್ಕೆ ಏನೋ ಬಳಿದುಕೊಂಡೇ ಅಂಗಡಿ ತೆರೆಯತೊಡಗಿದ. ಬೀದಿಗೆ ಬೀದಿಯೇ ತೊಳೆದಿಟ್ಟ ಪಾತ್ರೆಯಂತೆ ಮಿನುಗುವಾಗ, ಕಿರಿಯಳಿಯನೊಬ್ಬ ಮಾತ್ರ ಗಾಜಿನ ಪುಡಿ ಮೆತ್ತಿಕೊಂಡು, ಹುಟ್ಟಿದ ಮುಖದಲ್ಲೇ ಉಳಿದ.

"ರೀ, ಭಾವನ್ನ ನೋಡಿ. ಸುಲಿದ ಮೊಟ್ಟೆ ಇದ್ದ ಹಾಗಿದಾರೆ," ಎಂದಳು ಹೆಂಡತಿ. "ನೀವೂ ಒಂದ್ಸಲ ಹೋಗಿಬರಬಾರ್ದಾ?"

"ನಾನೇನು ಮೊಟ್ಟೆನಾ?"

"ನೆತ್ತಿ ಮೇಲೆ ಆಗ್ಲೇ ಆಗಿದೀರಲ್ಲ. ಮುಖ ಒಂದು ಬಾಕಿ."

ಅದನ್ನೂ ಅವನು ನುಂಗಿಕೊಂಡಾನು. ನುಂಗಲಾಗದ ಮಾತು ಬಂದದ್ದು ಮಾವನವರ ಬಾಯಿಂದ. ಅಂಗಡಿಗೆ ಹೊಸ ಬೋರ್ಡು ಹಾಕಿಸುವುದೆಂದೂ, ಅದರ ಮೇಲೆ ಕನ್ನಡಕ ಹಾಕಿದ ಮುಖವೊಂದು ಇರಬೇಕೆಂದೂ ಅವರು ತೀರ್ಮಾನಿಸಿದ್ದರು.

"ಫೋಟೋದವನು ಬರ್ತಾನೆ. ನಿಮ್ಮಿಬ್ಬರದ್ದೂ ತೆಗೀಲಿ. ಯಾರದ್ದು ಚೆನ್ನಾಗಿ ಬಂತೋ ಅವರದ್ದು ಬೋರ್ಡಿಗೆ. ಬೋರ್ಡಲ್ಲಿ ಯಾರೋ, ಇನ್ಮೇಲೆ ನನ್ನ ಕುರ್ಚೀಲೂ ಅವರೇ. ನನಗೂ ಸಾಕಾಯ್ತು."

ಹಿರಿಯಳಿಯ ಅಲುಗದ ಹಣೆಯನ್ನು ಕಿರಿಯವನತ್ತ ತಿರುಗಿಸಿದ. "ತಮ್ಮಾ, ಬೇಜಾರು ಮಾಡ್ಕೋಬೇಡ. ಬೋರ್ಡಿಗೆ ಹಿಂಬದೀನೂ ಇರುತ್ತೆ."

ಆ ಗಳಿಗೆಯಲ್ಲೇ ಕಿರಿಯಳಿಯ ಅಪರಾಧಿಯಾದ. ಉಳಿದದ್ದು ಏರ್ಪಾಡು ಮಾತ್ರ.

ಕೈ ಮಾಡುವುದು ಒರಟರ ಕೆಲಸ, ಅದು ಅವನಿಗೆ ಒಗ್ಗದು. ಆ ಮುಖ ಬೆಳೆದದ್ದು ಡಬ್ಬಿಯಿಂದ, ಅಳಿಯಬೇಕಾದದ್ದೂ ಡಬ್ಬಿಯಿಂದಲೇ. ಹಿರಿಯಳಿಯ ರಾತ್ರಿ ಮಲಗುವ ಮುನ್ನ, ಕ್ಲಿನಿಕ್ಕಿನವರು ಕೊಟ್ಟ ಬಿಳಿ ಕ್ರೀಮನ್ನು ತಪ್ಪದೆ ಹಚ್ಚಿಕೊಳ್ಳುತ್ತಿದ್ದ. ಊಟ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಫೋಟೋದ ಹಿಂದಿನ ರಾತ್ರಿಯಂತೂ ಇನ್ನೊಂದು ಬೆರಳು ಹೆಚ್ಚೇ ಹಚ್ಚಿಯಾನು.

ಅದರೊಳಗೆ ಬೆರೆಸಲು ಬೇಕಾದ ಮದ್ದನ್ನು ಕಿರಿಯಳಿಯ ಆಗಲೇ ಪತ್ತೆ ಹಚ್ಚಿದ್ದ. ಬಿಸಿಲಿಗೆ ಹೋಗದೆಯೇ ಬಿಸಿಲು ಬಡಿದ ಬಣ್ಣ ಬರಿಸುವ ಲೋಷನ್. ಹಚ್ಚುವಾಗ ಹಾಲು, ಬೆಳಗಾದರೆ ಇಟ್ಟಿಗೆ. ಸೋಪಿಗೆ ಬಗ್ಗದು, ನೀರಿಗೆ ಜಗ್ಗದು, ವಾರ ಕಳೆದರೂ ಮುಖ ಬಿಟ್ಟು ಹೋಗದು. ಪ್ರಾಣಕ್ಕೆ ಅಪಾಯವಿಲ್ಲ, ಮಾನಕ್ಕೆ ಮಾತ್ರ. ಇದಕ್ಕಿಂತ ಧರ್ಮವಾದ ಅಪರಾಧ ಇದ್ದೀತೆ ಎಂದು ಅವನಿಗೇ ತನ್ನ ಬಗ್ಗೆ ಗೌರವ ಬಂತು.

ಬಸ್ಸು ಬದಲಿಸಿ ದೂರದ ಬಡಾವಣೆಗೆ ಹೋದ. ತಮ್ಮ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಕೆಮ್ಮಿ ಸ್ವರ ಬದಲಿಸಿ, ಲೋಷನ್ ಕೇಳಿದ.

"ನಿಮಗೇನಾ ಸರ್?" ಎಂದಳು ಮಾರುವ ಹುಡುಗಿ.

"ಅಲ್ಲಮ್ಮ, ನಮ್ಮ ಅತ್ತಿಗೆಗೆ."

"ಗಂಡಸರೇ ಜಾಸ್ತಿ ತಗೊಳ್ಳೋದು ಸರ್. ನಾಚ್ಕೋಬೇಡಿ."

ಅಷ್ಟೇ. ಆ ಹುಡುಗಿಗೆ ಅವನೊಬ್ಬ ನಾಚಿಕೆಯ ಗಿರಾಕಿ. ಜಗತ್ತಿನಲ್ಲಿ ಅವರ ಸಂಖ್ಯೆ ಕಡಿಮೆಯೇನಲ್ಲ.

ಫೋಟೋದ ಹಿಂದಿನ ಸಂಜೆ ಮನೆಮಂದಿಯೆಲ್ಲ ಮೊದಲ ಅಂತಸ್ತಿನಲ್ಲಿ ಊಟಕ್ಕೆ ಸೇರುತ್ತಿದ್ದಾಗ, ಅತ್ತಿಗೆಯ ಮನೆಯಿಂದ ಫೋನಿನ ಚಾರ್ಜರ್ ತರುವ ನೆಪದಲ್ಲಿ ಅವನು ಮೇಲಕ್ಕೆ ಹತ್ತಿದ. ಹಿರಿಯಳಿಯನ ಬಚ್ಚಲಿಗೆ ನುಗ್ಗಿದ. ಗೂಡಿನ ತುಂಬ ಶೀಶೆ, ಡಬ್ಬಿ, ಟ್ಯೂಬು. ಯುದ್ಧದ ಹಿಂದಿನ ದಿನ ಎದುರಿನ ಸೈನ್ಯವನ್ನು ಕಣ್ಣಳತೆಯಲ್ಲಿ ಅಳೆಯುವವನಂತೆ ಒಮ್ಮೆ ನಿಂತು ನೋಡಿದ. ಬಿಳಿ ಡಬ್ಬಿ ನಟ್ಟನಡುವೆ, ಆನೆಯ ಮೇಲೆ ಕೂತಂತೆ ಕೂತಿತ್ತು.

ಕೈಗೆ ರಬ್ಬರ್ ಗ್ಲೌಸು ಏರಿಸಿದ. ಗಾಜಿಗೆ ಬಣ್ಣ ಕೂರಿಸುವಾಗ ಹಾಕಿಕೊಳ್ಳುವ ಗ್ಲೌಸು. ಸಾಮಾನ್ಯ ಕಳ್ಳ ಬರಿಗೈಯಲ್ಲಿ ಕಲಸಿ, ಬೆಳಗ್ಗೆ ಇಟ್ಟಿಗೆ ಬಣ್ಣದ ಬೆರಳುಗಳೊಂದಿಗೆ ಸಿಕ್ಕಿಬೀಳುತ್ತಿದ್ದ. ಇವನು ಸಾಮಾನ್ಯ ಕಳ್ಳನಲ್ಲ. ಎಷ್ಟು ಲೋಷನ್ ಹಾಕಬೇಕೋ ಅಷ್ಟೇ ಕ್ರೀಮನ್ನು ಮೊದಲು ತೆಗೆದು ಬಚ್ಚಲ ಮೋರಿಗೆ ಬಿಟ್ಟ, ಡಬ್ಬಿಯ ಮಟ್ಟ ಏರಬಾರದಲ್ಲ. ಲೋಷನ್ನನ್ನು ಅಂಗೈಗೆ ಸುರಿದುಕೊಂಡು ಡಬ್ಬಿಗೆ ಇಳಿಸಿದ. ಗಾಜಿಗೆ ಹೊಳಪು ಕೊಡುವ ಪೇಸ್ಟನ್ನು ಕಲಸುವಂತೆ, ಒಂದೂ ಗಂಟಿಲ್ಲದೆ, ಗಂಧ ತೇಯ್ದಷ್ಟು ನಯವಾಗಿ ಬೆರೆಸಿದ. ಕೊನೆಗೆ, ಹಿರಿಯಳಿಯ ನಿನ್ನೆ ಅದ್ದಿದ್ದ ಬೆರಳಿನ ಗುಳಿಯನ್ನೂ ಅದೇ ಜಾಗದಲ್ಲಿ ಮತ್ತೆ ಮೂಡಿಸಿ, ಮುಚ್ಚಳ ತಿರುಗಿಸಿದ. ಆ ಗುಳಿಯನ್ನು ನೋಡಿ ಅವನ ಎದೆ ಉಬ್ಬಿತು. ಗ್ಲೌಸನ್ನೂ ಖಾಲಿ ಶೀಶೆಯನ್ನೂ ಕಟ್ಟಿ, ಹಿತ್ತಿಲ ಗೋಡೆಯಾಚೆ ನಿಂತಿದ್ದ ಕಸದ ಗಾಡಿಗೆ ಎಸೆದು, ಚಾರ್ಜರ್ ಹಿಡಿದು ಊಟಕ್ಕೆ ಬಂದ.

"ಚಾರ್ಜರ್ ತರೋಕೆ ಇಷ್ಟು ಹೊತ್ತಾ?" ಎಂದಳು ಹೆಂಡತಿ.

"ನಿಮ್ಮಕ್ಕನ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇದ್ದರೆ ತಾನೇ?"

ಎಲ್ಲರೂ ನಕ್ಕರು. ಹಿರಿಯಳಿಯನೂ ನಕ್ಕಿರಬಹುದು, ಹೇಳಲಾಗದು.

ಆ ರಾತ್ರಿ ಕಿರಿಯಳಿಯನಿಗೆ ಸೊಗಸಾದ ನಿದ್ದೆ ಬಂತು. ಹೆಂಡತಿ ಏಳುವ ಮೊದಲೇ ಎದ್ದು, ಕೈಗೆ ಸಿಕ್ಕ ಅಂಗಿ ತೊಟ್ಟು, ಅಂಗಡಿಯ ಹಿಂದಿನ ಕೋಣೆಗಿಳಿದು ಯಂತ್ರ ಚಾಲೂ ಮಾಡಿದ. ಮೇಲೆ ಕೂಗಾಟವೆದ್ದಾಗ ತಾನು ಕೆಳಗೆ, ಕೆಲಸದಲ್ಲಿ. ಇದಕ್ಕಿಂತ ಅಮಾಯಕ ಸ್ಥಳ ಭೂಮಿಯ ಮೇಲಿಲ್ಲ.

ಕೂಗಾಟ ಎದ್ದಿತು. ಬಾಗಿಲುಗಳು ಬಡಿದುಕೊಂಡವು. ಮೆಟ್ಟಿಲ ಮೇಲೆ ಹೆಜ್ಜೆಗಳು ದಡದಡ ಇಳಿದವು. ಅವನು ಒಂದು ಗಾಜನ್ನು ಪೂರ್ತಿ ಉಜ್ಜಿ ಮುಗಿಸಿ, ಮುಖಕ್ಕೆ ಆತಂಕ ತಂದುಕೊಂಡು, ಪರದೆ ಸರಿಸಿ ಮುಂದಿನ ಅಂಗಡಿಗೆ ಬಂದ.

ಹಿರಿಯಳಿಯ ದೀಪದ ಕೆಳಗೆ ನಿಂತಿದ್ದ. ಇಟ್ಟಿಗೆಯಾಗಿರಲಿಲ್ಲ. ಕ್ರೀಮಿನಲ್ಲಿ ಸಣ್ಣಗೆ ಬೆರೆತ ಲೋಷನ್, ಕ್ಲಿನಿಕ್ಕಿನವರು ಕಲಿಸಿಕೊಟ್ಟ ಹಾಗೆ ಕೆಳಗಿನಿಂದ ಮೇಲಕ್ಕೆ ಸಮವಾಗಿ ಹರಡಿ, ಅವನ ಮುಖವನ್ನು ಸಂಜೆಯ ಹೊಂಬಣ್ಣಕ್ಕೆ ತಂದಿತ್ತು. ಆಗತಾನೆ ಸಮುದ್ರ ಗೆದ್ದು ದಡಕ್ಕಿಳಿದ ನಾವಿಕನಂತಿದ್ದ. ಫೋಟೋದವನು ಅವನ ಸುತ್ತ ಸುತ್ತುತ್ತ, "ಸರ್, ಯಾವ ಕ್ಲಿನಿಕ್ಕು ಸರ್? ನನಗೂ ಹೇಳಿ ಸರ್," ಎನ್ನುತ್ತಿದ್ದ.

ಕಿರಿಯಳಿಯನ ಮುಖದ ಆತಂಕ ನಿಜವಾಯಿತು. ಆದರೂ ಸಮಾಧಾನಕ್ಕೆ ಒಂದು ಕಾರಣವಿತ್ತು. ತನ್ನ ಕೈವಾಡ ಯಾರಿಗೂ ತಿಳಿದಿಲ್ಲ. ಎರಡು ಫೋಟೋದಲ್ಲಿ ಒಂದು ಇನ್ನೂ ತನ್ನದೇ.

"ನನಗೆ ವಿಪರೀತ ಕೋಪ ಬಂದಿದೆ," ಎಂದ ಹಿರಿಯಳಿಯ. ಮುಖ ನೋಡಿ ತಿಳಿಯುವ ಹಾಗಿರಲಿಲ್ಲವಾದ್ದರಿಂದ ಬಾಯಿಬಿಟ್ಟು ಹೇಳಲೇಬೇಕಿತ್ತು. "ಕ್ರೀಮ್ ಬಿಟ್ಟು ಬೇರೇನೂ ಹಚ್ಚಿಲ್ಲ ನಾನು. ನನ್ನ ಡಬ್ಬಿಗೆ ಯಾರೋ ಏನೋ ಹಾಕಿದಾರೆ. ಚೆನ್ನಾಗಿ ಬಂತು ಅನ್ನೋದು ಬೇರೆ ಮಾತು. ಕೆಟ್ಟು ಹೋಗಿದ್ರೆ?"

"ಯಾರಮ್ಮ ಅದು?" ಎಂದರು ಮಾವನವರು. "ಕುರ್ಚಿ ವಿಷಯ ಆಮೇಲೆ. ಹಾಗೆ ಮಾಡಿದವರಿಗೆ ಈ ಅಂಗಡೀಲಿ ಸ್ಟೂಲೂ ಇಲ್ಲ."

ಹೆಂಗಸರಿಬ್ಬರೂ ಆಣೆ ಇಟ್ಟರು. ಕಿರಿಯಳಿಯ ಗ್ಲೌಸಿನ ಪುಣ್ಯದಿಂದ ಬೆಳ್ಳಗಿದ್ದ ಎರಡೂ ಅಂಗೈಗಳನ್ನು ಎಲ್ಲರಿಗೂ ಕಾಣುವಂತೆ ಚಾಚಿದ.

"ಮಾವ, ನಾನು ಬೆಳಗ್ಗೆಯಿಂದ ಯಂತ್ರದ ಮುಂದೆ ಇದೀನಿ. ಅಣ್ಣನ ಬಚ್ಚಲು ಹೇಗಿದೆ ಅಂತಾನೂ ನನಗೆ ಗೊತ್ತಿಲ್ಲ."

ಯಾರೂ ಅಂಗೈ ನೋಡಲಿಲ್ಲ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಮಾವನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಅಳಿಯಂದಿರೇ, ಸ್ವಲ್ಪ ಬಗ್ಗಿ," ಎಂದರು.

ಕಿರಿಯಳಿಯ ಬಗ್ಗಿದ. ಗಿರಾಕಿಗಳು ಫ್ರೇಮು ನೋಡಿಕೊಳ್ಳುವ ಕನ್ನಡಿಯನ್ನು ಮಾವನವರು ಅವನತ್ತ ತಿರುಗಿಸಿದರು. ನಿನ್ನೆ ಆ ಗುಳಿ ಅಷ್ಟು ಸೊಗಸಾಗಿ ಮೂಡಿದ ಸಂತೋಷದಲ್ಲಿ, ಬೆನ್ನು ತಟ್ಟಲು ಬಚ್ಚಲಲ್ಲಿ ಬೇರೆ ಯಾರೂ ಇಲ್ಲದೆ, ತನ್ನ ತಲೆಯನ್ನು ತಾನೇ ಒಮ್ಮೆ ಸವರಿಕೊಂಡಿದ್ದ. ಆಗ ಗ್ಲೌಸು ಇನ್ನೂ ಕೈಯಲ್ಲೇ ಇತ್ತು. ಹಣೆಯ ಮೇಲಿಂದ ಬೋಳು ನೆತ್ತಿಯವರೆಗೆ, ಹೆಬ್ಬೆರಳೂ ಬಿಟ್ಟುಹೋಗದಂತೆ, ಐದು ಬೆರಳುಗಳು ಹದವಾಗಿ ಬೆಂದ ಇಟ್ಟಿಗೆಯ ಬಣ್ಣದಲ್ಲಿ ಮಲಗಿದ್ದವು. ಜೀವಮಾನವೆಲ್ಲ ಗಾಜಿನ ಬಣ್ಣ ಹೊಂದಿಸಿದ ಮಾವನವರು ಒಮ್ಮೆ ಹಿರಿಯಳಿಯನ ಕೆನ್ನೆಯನ್ನೂ ಒಮ್ಮೆ ಕಿರಿಯಳಿಯನ ನೆತ್ತಿಯನ್ನೂ ನೋಡಿ, "ಒಂದೇ ಬಣ್ಣ," ಎಂದರು. "ಅಲ್ಲಿ ತೆಳು, ಇಲ್ಲಿ ಗಟ್ಟಿ."