ಗುಡಿಸುವ ವಾರ

"ಅಮ್ಮಾ, ಬೋರ್ಡು ಮತ್ತೆ ನಮ್ಮ ಬಾಗಿಲಲ್ಲೇ ನೇತಾಡ್ತಿದೆ!"

ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಶಾಲೆಗೆ ಹೊರಟಿದ್ದ ರೀಕೆ ಹೊಸಿಲಲ್ಲೇ ನಿಂತು ಕೂಗಿದಳು. ಬಾಗಿಲ ಹಿಡಿಯಿಂದ ಅಂಗೈಯಗಲದ ಮರದ ಬೋರ್ಡೊಂದು ದಾರದಲ್ಲಿ ತೂಗುತ್ತಿತ್ತು. ಅದರ ಮೇಲೆ ಪೊರಕೆಯ ಚಿತ್ರ, ಕೆಳಗೆ 'ಗುಡಿಸುವ ವಾರ' ಎಂಬ ಎರಡು ಪದ.

ಆ ಮನೆಯಲ್ಲಿ ಮೂರು ಮಹಡಿ, ಮೂರು ಬಾಗಿಲು. ಬೋರ್ಡು ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲೂ ಹೊರಗಿನ ಕಾಲುದಾರಿಯೂ ಅವರ ಪಾಲಿಗೆ. ಶನಿವಾರ ಗುಡಿಸಿ, ಭಾನುವಾರ ಸಂಜೆ ಬೋರ್ಡನ್ನು ಮುಂದಿನವರ ಬಾಗಿಲಿಗೆ ಸಿಕ್ಕಿಸಿದರೆ ಮುಗಿಯಿತು. ಶ್ಟುಟ್‌ಗಾರ್ಟಿನ ಆ ಗುಡ್ಡದ ಬೀದಿಯಲ್ಲಿ ಎಲ್ಲ ಮನೆಗಳಲ್ಲೂ ಹೀಗೆಯೇ. ರೀಕೆ ನಿನ್ನೆ ಸಂಜೆ ಅದನ್ನು ಕೆಳಗಿನ ಫಿಸ್ಟರರಮ್ಮನ ಬಾಗಿಲಿಗೆ ಸಿಕ್ಕಿಸಿ ಬಂದಿದ್ದಳು. ಈಗ ನೋಡಿದರೆ ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬಂದ ಹಾಗಿದೆ.

"ನಾನೇ ಗುಡಿಸಿದ್ನಲ್ಲ! ಮೇಲಿಂದ ಕೆಳಗಿನ ತನಕ!"

ಅಮ್ಮ ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು ತಿನ್ನುತ್ತಿದ್ದಳು. ಒಂದು ತಿಂಗಳಿಂದ ಅವಳ ತಿಂಡಿ, ಊಟ, ಕಾಫಿ ಎಲ್ಲ ನಿಂತುಕೊಂಡೇ.

"ನೀರಲ್ಲಿ ಒರೆಸಿದ್ಯಾ?" ಅಂದಳು.

"ಒರೆಸ್ಬೇಕಿತ್ತಾ?"

"ಫಿಸ್ಟರರಮ್ಮನ ಲೆಕ್ಕದಲ್ಲಿ ಒರೆಸ್ಬೇಕು." ಅಮ್ಮ ಕಿಟಕಿಯ ಕಟ್ಟೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಆಮೇಲೆ ಬಿಟ್ಟಳು. "ಇರ್ಲಿ ಬಿಡು. ಸ್ಕೂಲಿಗೆ ಲೇಟಾಗುತ್ತೆ, ಹೊರಡು."

ಕೆಳಗೆ ಫಿಸ್ಟರರಮ್ಮ ಕಾದೇ ಇದ್ದರು. ಎಪ್ಪತ್ತು ದಾಟಿದ ಹೆಂಗಸು. ಏಪ್ರನ್ ಇಲ್ಲದೆ ಅವರನ್ನು ರೀಕೆ ಇವತ್ತಿನವರೆಗೂ ಕಂಡಿರಲಿಲ್ಲ.

"ಏನಮ್ಮಾ, ಮೂಲೆಗೆಲ್ಲ ಪೊರಕೆ ತೋರಿಸಿ ಬಂದ್ಯಾ, ಇಲ್ಲಾ ಗುಡಿಸಿದ್ಯಾ?"

"ಗುಡಿಸ್ದೆ."

"ಒದ್ದೆ ಬಟ್ಟೆ ಮುಟ್ಟಿಸ್ದೆ ಗುಡಿಸೋದು ಗುಡಿಸೋದೇ ಅಲ್ಲ. ಧೂಳನ್ನ ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿಗೆ ಟೂರ್ ಕಳಿಸೋದು, ಅಷ್ಟೇ."

"ಅಮ್ಮಂಗೆ ಆಗಲ್ಲ, ಫಿಸ್ಟರರಮ್ಮ. ಬೆನ್ನಲ್ಲಿ ನರ ಸಿಕ್ಕಾಕ್ಕೊಂಡಿದೆ. ಬಗ್ಗೋ ಹಾಗಿಲ್ಲ."

"ಹೌದಾ?" ಫಿಸ್ಟರರಮ್ಮ ಕನ್ನಡಕ ಮೇಲೇರಿಸಿದರು. "ನಿನ್ನೆ ಪಾರ್ಕಲ್ಲಿ ಎರಡು ಸುತ್ತು ಹಾಕ್ತಿದ್ರಲ್ಲ, ನಿಮ್ಮಮ್ಮ? ಮೊನ್ನೇನೂ ನೋಡ್ದೆ. ನಡೆಯೋಕ್ಕೆ ಬರೋ ನರ ಗುಡಿಸೋಕ್ಕೆ ಮಾತ್ರ ಬರಲ್ವಾ?"

ರೀಕೆ ಬ್ಯಾಗ್ ಸರಿಮಾಡಿಕೊಂಡು ಹೊರಬಿದ್ದಳು. ಬೀದಿಯ ತಿರುವಿನವರೆಗೂ ತಿರುಗಿ ನೋಡಲಿಲ್ಲ.

ನಿಜ ಹೇಳಬೇಕೆಂದರೆ ಆ ಪ್ರಶ್ನೆ ಅವಳೊಳಗೂ ಇತ್ತು. ಅವಳ ಕ್ಲಾಸಿನ ಮಾಲ್ಟೆ ಸೈಕಲ್ಲಿಂದ ಬಿದ್ದು ಕೈ ಮುರಿದುಕೊಂಡಾಗ ನೀಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದ. ಎಲ್ಲರೂ ಅದರ ಮೇಲೆ ಸೈನ್ ಹಾಕಿದ್ದರು. ಅಮ್ಮನಿಗೆ ಪ್ಲಾಸ್ಟರ್ ಇರಲಿಲ್ಲ, ಜ್ವರ ಇರಲಿಲ್ಲ, ಒಂದು ಗಾಯದ ಗುರುತೂ ಇರಲಿಲ್ಲ.

ಅವಳು ನಡೆಯುತ್ತಿದ್ದಳು. ಫೋನಿನಲ್ಲಿ ನಗುತ್ತಿದ್ದಳು. ಆದರೆ ಕೂರುತ್ತಿರಲಿಲ್ಲ. ಬಸ್ ಓಡಿಸುವವಳು ಕೂರದೆ ಕೆಲಸಕ್ಕೆ ಹೋಗುವುದು ಹೇಗೆ? ಹಾಗಾಗಿ ರಜೆ. ಶೂ ಲೇಸು ಕಟ್ಟಿಕೊಡಲು ರೀಕೆಯನ್ನು ಕರೆಯುತ್ತಿದ್ದಳು. ಉಳಿದ ಹೊತ್ತು ಚಾಪೆಯ ಮೇಲೆ ಬೆನ್ನು ಚಾಚಿ, ಮೊಣಕಾಲಿಂದ ಕೆಳಗಿನ ಕಾಲನ್ನು ಕುರ್ಚಿಯ ಮೇಲಿಟ್ಟು ಮಲಗಿರುತ್ತಿದ್ದಳು.

"ಹೇಗೆ ನೋಯುತ್ತೆ?" ಎಂದು ರೀಕೆ ಮೊದಲ ವಾರದಲ್ಲಿ ಕೇಳಿದ್ದಳು.

"ಸೊಂಟದಿಂದ ಕಾಲಿನ ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗೆ. ಎಡಗಾಲು ಪೂರ್ತಿ."

ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮಲಗೇ ಇರಬೇಡಿ, ದಿನಾ ನಡೀರಿ ಎಂದಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಡುವ ತಾರೀಖು ಇನ್ನೂ ಹನ್ನೆರಡು ದಿನ ದೂರವಿತ್ತು. ಇದೆಲ್ಲ ರೀಕೆಗೆ ಗೊತ್ತು. ಗೊತ್ತಿದ್ದರೂ ಫಿಸ್ಟರರಮ್ಮನ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಗುರುವಾರ ಸಂಜೆ ಆರು ಗಂಟೆಗೆ ಶಾಲೆಯಲ್ಲಿ ಮಕ್ಕಳು ತಾವೇ ಬರೆದ ಕತೆಗಳನ್ನು ಓದುವ ಕಾರ್ಯಕ್ರಮವಿತ್ತು. ರೀಕೆಯದು ಐದನೆಯ ಕತೆ. ಅಪ್ಪ ಬೇರೆ ಊರಲ್ಲಿರುವುದರಿಂದ ಬರುವ ಹಾಗಿರಲಿಲ್ಲ.

"ನಾನೂ ಬರೋಕ್ಕಾಗಲ್ಲ, ಪುಟ್ಟಿ," ಎಂದಳು ಅಮ್ಮ. "ಸಂಜೆ ಆದ್ರೆ ಜೋರಾಗುತ್ತೆ. ಕತೆ ಮಧ್ಯೆ ಎದ್ದು ಬಂದ್ರೆ ನಿಂಗೇ ಬೇಜಾರು."

"ಹಿಂದೆ ನಿಂತ್ಕೋಬಹುದಲ್ಲ?"

"ಒಂದೂವರೆ ಗಂಟೆ ನಿಲ್ಲೋಕ್ಕೂ ಆಗಲ್ಲ."

ಆ ದಿನ ನಾಲ್ಕು ಗಂಟೆಗೆ ರೀಕೆ ಮನೆಗೆ ಬರುತ್ತಿದ್ದಾಗ ಅಮ್ಮ ಪಾರ್ಕಿನ ಬೇಲಿಯಾಚೆ ಕಂಡಳು. ಫೋನ್ ಕಿವಿಗಿಟ್ಟುಕೊಂಡು, ಎಲೆ ಉದುರಿದ ದಾರಿಯಲ್ಲಿ ನಡೆಯುತ್ತಿದ್ದಳು. ಚೆನ್ನಾಗಿಯೇ ನಡೆಯುತ್ತಿದ್ದಳು.

ಕತೆ ಓದಿ ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲ್ಟೆಯ ಅಮ್ಮ ರೀಕೆಯನ್ನು ಮನೆಯವರೆಗೆ ತಂದು ಬಿಟ್ಟರು.

ಅಮ್ಮ ಚಾಪೆಯ ಮೇಲಿದ್ದಳು, ಕಾಲು ಕುರ್ಚಿಯ ಮೇಲೆ. "ಹೇಗಾಯ್ತು? ನಂಗೂ ಓದ್ತೀಯಾ?"

"ಇಲ್ಲ." ರೀಕೆ ಜಾಕೆಟ್ ಬಿಚ್ಚದೆಯೇ ನಿಂತಿದ್ದಳು. "ನಾಲ್ಕು ಗಂಟೆಗೆ ನಡೆಯೋಕ್ಕಾಗತ್ತೆ, ಆರು ಗಂಟೆಗೆ ಆಗಲ್ಲ. ನಿಂಗೆ ಬೇಡದ ಕೆಲಸ ಬಂದಾಗ ಮಾತ್ರ ನೋವು ಬರುತ್ತೆ."

ಅಮ್ಮ ಮೇಲೆ ಸೂರನ್ನು ನೋಡುತ್ತಿದ್ದಳು.

"ಹಾಗೆ ಕಾಣುತ್ತಾ?"

"ಹೂಂ."

"ಸರಿ," ಎಂದಳು ಅಮ್ಮ.

ಬೈದಿದ್ದರೆ ರೀಕೆಗೆ ಸಲೀಸಾಗುತ್ತಿತ್ತು. ಬೈಯಲಿಲ್ಲ. ಒಲೆಯ ಮೇಲೆ ಸಾರು ಇದೆ, ಬಿಸಿ ಮಾಡ್ಕೋ ಎಂದಳು, ಅಷ್ಟೇ.

ಶನಿವಾರ ರೀಕೆ ಬೆಳಿಗ್ಗೆಯೇ ಈಜಲು ಹೋದಳು. ವಾಪಸು ಬಂದು ಮುಂಬಾಗಿಲು ತೆರೆದಾಗ ಒಂದು ಗಂಟೆ ದಾಟಿತ್ತು. ಮೆಟ್ಟಿಲ ಮೇಲಿಂದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಒಂದು ಮೆಟ್ಟಿಲು ತುಂಬಿ ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ. ನಿಂಬೆ ಸೋಪಿನ ವಾಸನೆ.

ಎರಡನೆಯ ತಿರುವಿನಲ್ಲಿ ಅಮ್ಮ ಇದ್ದಳು.

ಅಂಬೆಗಾಲಿಡುವ ಮಗುವಿನ ಹಾಗೆ ಕೈ ಮತ್ತು ಮೊಣಕಾಲು ಊರಿ, ಹಣೆಯನ್ನು ಮೇಲಿನ ಮೆಟ್ಟಿಲಿಗೆ ಒತ್ತಿಕೊಂಡಿದ್ದಳು. ಬಕೆಟ್ ಪಕ್ಕಕ್ಕೆ ವಾಲಿತ್ತು. ಒರೆಸುವ ಬಟ್ಟೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಅಮ್ಮಾ!"

"ಮುಟ್ಬೇಡ."

ಅದು ಅಮ್ಮನ ದನಿಯೇ ಅಲ್ಲ ಅನ್ನಿಸಿತು. ಹಲ್ಲಿನ ಸಂದಿಯಿಂದ ಬಂದ ದನಿ. ರೀಕೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಅಮ್ಮನ ಕುತ್ತಿಗೆಯ ಮೇಲೆ ಬೆವರು ನಿಂತಿತ್ತು. ಎಡಗಾಲು ಅದರಷ್ಟಕ್ಕೆ ನಡುಗುತ್ತಿತ್ತು. ಅಮ್ಮ ನಡುಗಿಸುತ್ತಿರಲಿಲ್ಲ. ಅದು ಬೇರೆ ಯಾರದೋ ಕಾಲು, ಅಮ್ಮನಿಗೆ ಅಂಟಿಸಿದ್ದಾರೆ ಅನ್ನುವ ಹಾಗಿತ್ತು. ರೀಕೆ ಅದನ್ನು ನೋಡಿದಳು. ಆಮೇಲೆ ನೋಡಲಾಗದೆ ಗೋಡೆಯ ಕಡೆ ತಿರುಗಿದಳು.

"ಹಳೇ ಗಿರಣಿ," ಎಂದಳು ಅಮ್ಮ. ಉಸಿರು ಬಿಟ್ಟಳು. "ಚರ್ಚ್ ಚೌಕ." ಮತ್ತೆ ಉಸಿರು. "ದ್ರಾಕ್ಷಿ ತೋಟ."

"ಏನಮ್ಮಾ ಅದು?"

"ಸ್ಟಾಪು... ನನ್ನ ರೂಟಿನ ಸ್ಟಾಪುಗಳು. ಮುಂದಿನ ಸ್ಟಾಪಿನ ತನಕ ತಡ್ಕೋತೀನಿ. ಆಮೇಲೆ... ಅದರ ಮುಂದಿನ ಸ್ಟಾಪು."

ಕೆಳಗೆ ಬಾಗಿಲು ತೆರೆದ ಸದ್ದಾಯಿತು.

"ಮಧ್ಯಾಹ್ನ ಒಂದರಿಂದ ಮೂರರ ತನಕ ಮಲಗೋ ಹೊತ್ತು, ಸದ್ದು ಮಾಡೋ ಹಾಗಿಲ್ಲ, ಎಲ್ರಿಗೂ ಗೊತ್ತಿದೆ! ಅದೇನು ನೀರು ಈ ಪಾಟಿ? ದೋಣಿ ಬಿಡೋಕ್ಕಾ?" ಫಿಸ್ಟರರಮ್ಮ ಕಂಬಿ ಹಿಡಿದು ಮೇಲೆ ಬರುತ್ತಲೇ ಮಾತಾಡುತ್ತಿದ್ದರು. ತಿರುವಿಗೆ ಬಂದವರು ಮಾತು ನಿಲ್ಲಿಸಿದರು.

ಒಂದು ಮೆಟ್ಟಿಲು ಮೇಲೆ ಬಂದು ಅಮ್ಮನ ಪಕ್ಕ ಬಗ್ಗಿದರು.

"ಆಂಬುಲೆನ್ಸ್ ಕರೀಲಾ?" ಈಗ ಅವರ ದನಿ ತಗ್ಗಿತ್ತು.

"ಬೇಡ. ಕಾಲ್ಬೆರಳು ಆಡ್ತಿದೆ. ಬೆರಳು ಆಡದಿದ್ರೆ ಮಾತ್ರ ಬನ್ನಿ ಅಂದಿದಾರೆ ಡಾಕ್ಟರು. ಹತ್ತು ನಿಮಿಷ... ಬಿಡುತ್ತೆ." ಅಮ್ಮ ಕಣ್ಣು ಮುಚ್ಚಿಕೊಂಡಳು. "ದ್ರಾಕ್ಷಿ ತೋಟ. ದ್ರಾಕ್ಷಿ ತೋಟ..."

ಅವಳು ಅಲ್ಲೇ ಸಿಕ್ಕಿಕೊಂಡಳು. ಮುಂದಿನದು ಬರಲೇ ಇಲ್ಲ.

"ಬೆಟ್ಟದ ಶಾಲೆ," ಎಂದಳು ರೀಕೆ. ಆ ಬಸ್ಸಿನಲ್ಲಿ ಅಮ್ಮನ ಹಿಂದಿನ ಸೀಟಲ್ಲಿ ಕೂತು ಎಷ್ಟು ಸಲ ಹೋಗಿಲ್ಲ ಅವಳು!

"ಬೆಟ್ಟದ ಶಾಲೆ," ಎಂದಳು ಅಮ್ಮ.

"ಆಸ್ಪತ್ರೆ."

"ಆಸ್ಪತ್ರೆ."

"ಸ್ಮಶಾನದ ಗೇಟು."

"ನಡುವೆ ಈಜುಕೊಳ ಬಿಟ್ರಿ," ಎಂದರು ಫಿಸ್ಟರರಮ್ಮ. "ನಾನು ಅಲ್ಲೇ ಇಳಿಯೋದು. ಬಿಟ್ಟು ಹೋದ್ರೆ ಹೇಗೆ?"

ಅಮ್ಮನ ಬೆನ್ನು ಸಣ್ಣಗೆ ಅಲುಗಿತು. ನಗು ಬಂದಿತ್ತು. ನಗು ಬಂದದ್ದಕ್ಕೇ ನೋವೂ ಬಂತು. "ನಗಿಸ್ಬೇಡಿ, ದಮ್ಮಯ್ಯ."

ಕೊನೆಯ ಸ್ಟಾಪು ಬಂದರೂ ನೋವು ಇಳಿಯಲಿಲ್ಲ. ರೀಕೆ ಬಸ್ಸು ತಿರುಗಿಸಿದಳು. ಮತ್ತೆ ಸ್ಮಶಾನದ ಗೇಟು, ಈಜುಕೊಳ, ಆಸ್ಪತ್ರೆ. ಅಷ್ಟರಲ್ಲಿ ಫಿಸ್ಟರರಮ್ಮ ಅಮ್ಮನ ಮುಷ್ಟಿಯಿಂದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಬಕೆಟ್ ನೆಟ್ಟಗಿಟ್ಟು, ಮೆಟ್ಟಿಲ ಮೇಲಿನ ನೀರನ್ನೆಲ್ಲ ಬಳಿದು ಹಿಂಡಿದರು. ಅಮ್ಮನ ಸುತ್ತಲಿನ ಜಾಗವನ್ನೂ ಒರೆಸಿದರು. ಮೂಲೆಗಳನ್ನು ಎರಡೆರಡು ಸಲ.

ಎರಡನೆಯ ಸಲ ಹಳೇ ಗಿರಣಿ ದಾಟುವಾಗ ಅಮ್ಮನ ಕಾಲಿನ ನಡುಕ ನಿಂತಿತು. ಅವಳು ಕಂಬಿ ಹಿಡಿದು, ಒಂದೊಂದೇ ಕೈ, ಒಂದೊಂದೇ ಕಾಲು ಎತ್ತಿ ಮೇಲೆದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಸೋಪು ಜಾಸ್ತಿ ಹಾಕಿದೀರಿ," ಎಂದರು ಫಿಸ್ಟರರಮ್ಮ. ಬಕೆಟ್ ಎತ್ತಿಕೊಂಡು ಎರಡು ಮೆಟ್ಟಿಲಿಳಿದು ನಿಂತರು. "ಬೆನ್ನು ಸರಿಹೋಗೋ ತನಕ ನಿಮ್ಮ ಪಾಳಿ ನಾನು ಮಾಡ್ತೀನಿ. ಈ ಹುಡುಗಿ ಬಂದು ಕಾಲುದಾರಿ ಗುಡಿಸ್ಲಿ. ಒಣ ಪೊರಕೆ ಸಾಕು ಅದಕ್ಕೆ."

ಪಾರ್ಕಿನ ವಿಷಯ ಅವರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ಮನೆಯೊಳಗೆ ಅಮ್ಮ ಮತ್ತೆ ಚಾಪೆಯ ಮೇಲೆ ಮಲಗಿದಳು. ರೀಕೆ ಅವಳ ಕಾಲು ಎತ್ತಿ ಕುರ್ಚಿಯ ಮೇಲಿಟ್ಟಳು. ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಯಾಕಮ್ಮಾ ಒರೆಸೋಕ್ಕೆ ಹೋದೆ? ನಾನು ಬಂದು ಮಾಡ್ತಿದ್ದೆ."

ಅಮ್ಮ ಯೋಚಿಸಿ ಹೇಳಿದಳು. "ಆಗಬಹುದೇನೋ ಅನ್ನಿಸ್ತು. ಎಲ್ರೂ ಅಷ್ಟು ಹೇಳ್ತಾರಲ್ಲ, ನಡೀತೀಯಲ್ಲ, ಚೆನ್ನಾಗಿದೀಯಲ್ಲ ಅಂತ. ಕೇಳಿ ಕೇಳಿ ನಂಗೇ ಡೌಟ್ ಬಂತು. ನಾನೇ ಜಾಸ್ತಿ ಮಾಡ್ತಿದೀನೇನೋ ಅಂತ."

'ಎಲ್ರೂ' ಎಂದಾಗ ಅಮ್ಮ ರೀಕೆಯ ಕಡೆ ನೋಡಲಿಲ್ಲ. ರೀಕೆ ಚಾಪೆಯ ಅಂಚಿನ ಎಳೆ ಎಳೆಯುತ್ತ ಕೂತಳು. ಸಾರಿ ಅನ್ನಬೇಕೆಂದುಕೊಂಡಳು. ಆ ಪದ ತೀರಾ ಸಣ್ಣದು ಅನ್ನಿಸಿತು. ಎದ್ದು ಹೋಗಿ, ಗುರುವಾರ ಓದಿದ್ದ ಕತೆಯ ಹಾಳೆ ತಂದಳು.

"ಓದ್ಲಾ?"

"ಓದು," ಎಂದಳು ಅಮ್ಮ.

ಬುಧವಾರ ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಅಮ್ಮ ಪಾರ್ಕಿಗೆ ಹೊರಟಿದ್ದಳು. ರೀಕೆ ಬಗ್ಗಿ ಅವಳ ಶೂ ಲೇಸು ಕಟ್ಟಿದಳು. ಆಮೇಲೆ ತನ್ನ ಶೂಗಳನ್ನೂ ಹಾಕಿಕೊಂಡಳು.

"ನೀನೆಲ್ಲಿಗೆ?"

"ವಾಕಿಂಗಿಗೆ."

ಅಮ್ಮನ ಜೊತೆ ಹೋಗುವುದು ಅವಳಿಗೆ ಇದೇ ಮೊದಲು. ದೂರದಿಂದ ಕಾಣುತ್ತಿದ್ದದ್ದು ಒಂದು, ಹತ್ತಿರದಿಂದ ಕಂಡದ್ದು ಇನ್ನೊಂದು. ಅಮ್ಮ ಎಡಗಾಲು ಇಡುವ ಮೊದಲು ಪ್ರತಿಸಲವೂ ಒಂದು ಚೂರು ಉಸಿರು ಹಿಡಿಯುತ್ತಿದ್ದಳು. ದಾರಿಯ ಉಬ್ಬು ತಗ್ಗುಗಳನ್ನು ಮೊದಲೇ ನೋಡಿಟ್ಟುಕೊಳ್ಳುತ್ತಿದ್ದಳು. ಬೆಂಚು ಬಂದರೆ ಕೂರದೆ ಅದರ ಬೆನ್ನಿಗೆ ಕೈ ಊರಿ ನಿಲ್ಲುತ್ತಿದ್ದಳು. ನೋಡಿದವರಿಗೆ ಮರ ನೋಡುತ್ತಿದ್ದಾಳೆ ಅನ್ನಿಸಬೇಕು, ಹಾಗೆ.

ಎದುರಿನಿಂದ ನಾಯಿ ಹಿಡಿದುಕೊಂಡು ಯೋಖೆನ್ ಬಂದ. ಅವನೂ ಬಸ್ ಓಡಿಸುವವನೇ, ಅಮ್ಮನ ಜೊತೆಯವನು.

"ಓಹೋ, ಕಾಟ್ರಿನ್! ಗುಂಡುಕಲ್ಲಿನ ಹಾಗಿದೀಯಲ್ಲ! ನಿನ್ನ ಡ್ಯೂಟೀನೂ ಸೇರಿಸಿ ನಾವು ಸಾಯ್ತಿದೀವಿ, ನೀನಿಲ್ಲಿ ಆರಾಮಾಗಿ ತಿರುಗಾಡ್ತಿದೀಯಾ!"

"ಏನ್ಮಾಡೋದು, ಅದೃಷ್ಟ ಬೇಕಪ್ಪ," ಎಂದು ಅಮ್ಮ ನಕ್ಕಳು. ಫೋನಿನಲ್ಲಿ ನಗುತ್ತಿದ್ದಳಲ್ಲ, ಅದೇ ನಗು. ಆದರೆ ಬೆಂಚಿನ ಬೆನ್ನು ಹಿಡಿದಿದ್ದ ಅವಳ ಬೆರಳ ಗಂಟುಗಳು ಬಿಳಿಚಿಕೊಂಡಿದ್ದವು.

ರೀಕೆ ಬಾಯಿ ತೆರೆದಳು. ಮೆಟ್ಟಿಲು, ಬೆವರು, ನಡುಗುವ ಕಾಲು, ಎಲ್ಲವನ್ನೂ ಇವನ ಮುಖಕ್ಕೆ ಹೇಳಿಬಿಡಬೇಕು ಅನ್ನಿಸಿತು. ಅಮ್ಮ ನಗುತ್ತಲೇ ಇದ್ದಳು. ರೀಕೆ ಬಾಯಿ ಮುಚ್ಚಿಕೊಂಡಳು.

ಯೋಖೆನ್ ನಾಯಿಯನ್ನು ಎಳೆದುಕೊಂಡು ಹೋದ ಮೇಲೆ ಅವಳು ಅಮ್ಮನ ಎಡಗಡೆಗೆ ಬಂದು ನಿಂತಳು.

ಅಮ್ಮ ಬೆಂಚಿನಿಂದ ಕೈ ತೆಗೆದು ಅವಳ ಭುಜದ ಮೇಲಿಟ್ಟಳು. ಮೊದಲು ಸುಮ್ಮನೆ ತಾಗಿಸಿದಳು. ಎರಡು ಹೆಜ್ಜೆ ಕಳೆದ ಮೇಲೆ ನಿಜವಾಗಿ ಊರಿದಳು.

ಆ ಕೈ ಅಷ್ಟು ಭಾರ ಇರುತ್ತದೆಂದು ರೀಕೆ ಎಣಿಸಿರಲಿಲ್ಲ. ಅವಳು ಭುಜವನ್ನು ಗಟ್ಟಿ ಮಾಡಿಕೊಂಡು, ಅಮ್ಮನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು.