ಗೇಟಿನೊಳಗಿನ ಗಾಜಿನ ತೊಟ್ಟಿ

ಶುಕ್ರವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಣ್ಣದ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದು, ಟೈಪು ಮಾಡಿಸಿಕೊಂಡೇ ತಂದಿದ್ದ ದೂರನ್ನು ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟ. ಕಾರ್ಖಾನೆಯ ಗೇಟಿನೊಳಗೆ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಮೀನುಗಳು, ಹೊರದೇಶದ ಖರೀದಿದಾರರು ನೋಡುತ್ತ ನಿಂತಿದ್ದಾಗಲೇ ಹೊಟ್ಟೆ ಮೇಲಾಗಿ ಸತ್ತಿದ್ದವು. ಯಾರೋ ಕಿಡಿಗೇಡಿಗಳು ಮನುಷ್ಯರನ್ನೂ ಕೊಲ್ಲಬಲ್ಲ ವಿಷ ಬೆರೆಸಿ ಕಂಪನಿಯ ಹೆಸರಿಗೆ ಮಸಿ ಬಳಿದಿದ್ದಾರೆ ಎಂಬುದು ದೂರು.

"ಮನುಷ್ಯರನ್ನೂ ಕೊಲ್ಲುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಅರ್ಧ ಗಂಟೇಲಿ ಮೂವತ್ತೊಂದು ಮೀನು ಸತ್ತಿವೆ ಸಾರ್. ಮತ್ತೇನು, ಅಮೃತ ಬೆರೆಸಿರ್ತಾರಾ?"

"ಸರಿ. ಆ ಸಾಲಿನ ಪಕ್ಕ ಇನ್ನೊಂದು ಸಹಿ ಹಾಕಿ."

ಮ್ಯಾನೇಜರು ಹಾಕಿದ. "ಸೋಮವಾರ ಹತ್ತೂವರೆಗೆ ಶಾಲೇಲಿ ನಮ್ಮ ನಲ್ಲಿ ಉದ್ಘಾಟನೆ. ಕಾರ್ಖಾನೆ ನೀರನ್ನೇ ಶುದ್ಧ ಮಾಡಿ ಮಕ್ಕಳಿಗೆ ಕುಡಿಯೋಕೆ ಕೊಡ್ತಿದೀವಿ. ಖರೀದಿದಾರರು ಅದಕ್ಕೇ ಉಳ್ಕೊಂಡಿದಾರೆ. ಅಷ್ಟರೊಳಗೆ ಈ ಕೆಲಸ ಮಾಡಿದವನನ್ನ ಹಿಡಿದು ಒಳಗೆ ಹಾಕಿಬಿಡಿ."

ಎಫ್‌ಐಆರ್ ದಾಖಲಾಯಿತು. ಹನ್ನೆರಡು ನಲವತ್ತಕ್ಕೆ ಇನ್ಸ್‌ಪೆಕ್ಟರು ಇಬ್ಬರು ಪೇದೆಗಳೊಂದಿಗೆ ಸ್ಥಳಕ್ಕೆ ಹೋದರು. ಒಬ್ಬನನ್ನು ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಹೊಸದಾಗಿ ಬಂದ ಮಹಿಳಾ ಪೇದೆ. ತೊಟ್ಟಿಯ ಉದ್ದ ಒಂಬತ್ತು ಅಡಿ. ಮೇಲೊಂದು ಹಸಿರು ಬೋರ್ಡು: ನಾವು ಹೊಳೆಗೆ ಬಿಡುವುದು ಇದೇ ನೀರನ್ನು. ಮೀಸೆ ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡ.

ಗೇಟಿನ ಪುಸ್ತಕವನ್ನು ಮಹಿಳಾ ಪೇದೆ ತಿರುವಿದಳು. ಪ್ರತಿ ಗುರುವಾರ ಬೆಳಿಗ್ಗೆ ಆರಕ್ಕೆ ಒಂದು ನೀರಿನ ಟ್ಯಾಂಕರು ಬಂದುಹೋಗಿತ್ತು. ಈ ಗುರುವಾರ ಮಾತ್ರ ಇಲ್ಲ.

"ಟ್ಯಾಂಕರ್ ಯಾಕೆ ಬರುತ್ತೆ?"

"ತೋಟಕ್ಕೆ ಮೇಡಂ," ಎಂದ ಕಾವಲುಗಾರ.

ಅವಳು ಸುತ್ತ ನೋಡಿದಳು. ಗೇಟಿನ ಒಳಗಿದ್ದದ್ದು ಪ್ಲಾಸ್ಟಿಕ್ ಹುಲ್ಲು.

ಟ್ಯಾಂಕರಿನ ಡ್ರೈವರು ಮೂರು ಗಂಟೆಗೆ ಸಿಕ್ಕಿದ. ಹೆಚ್ಚು ಕೇಳಬೇಕಾಗಲಿಲ್ಲ. "ಮೀನಿನ ತೊಟ್ಟಿಗೆ ಸಾರ್. ಎರಡು ವರ್ಷದಿಂದ ಮೇಲೂರಿನ ಬಾವಿ ನೀರು ಹಾಕ್ತಿದೀನಿ. ಈ ವಾರ ಬೇಡ, ನಾನೇ ನೋಡ್ಕೋತೀನಿ ಅಂದ ತಾತ."

ತಾತನೆಂದರೆ ಮೀನು ನೋಡಿಕೊಳ್ಳುವ ಮುದುಕ. ಹಿಂದೆ ಅದೇ ಹೊಳೆಯಲ್ಲಿ ಬಲೆ ಬೀಸಿ ಬದುಕಿದವನು. ಹೊಳೆಯಲ್ಲಿ ಮೀನು ಮುಗಿದ ಮೇಲೆ, ಮೀನಿನ ಸ್ವಭಾವ ಬಲ್ಲವನೆಂದು ಕಾರ್ಖಾನೆಯವರೇ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದರು. ಪೊಲೀಸರು ಹೋದಾಗ ಅವನು ಒಗೆದ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡೇ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ಹೊಳೆ, ದಡದ ಕಲ್ಲುಗಳೆಲ್ಲ ನೇರಳೆ.

"ನಿಮ್ಮನ್ನೇ ಕಾಯ್ತಿದ್ದೆ. ತಡ ಮಾಡಿದ್ರಿ."

"ನೀರಿಗೆ ಏನು ಹಾಕಿದೆ?"

"ಏನೂ ಹಾಕಿಲ್ಲ."

"ಮೀನು ಸತ್ತಿದ್ದು?"

"ಬೋರ್ಡಲ್ಲಿ ಯಾವ ನೀರು ಅಂತ ಬರೆದಿದಾರೋ ಅದನ್ನೇ ತುಂಬ್ದೆ. ಹಿಂದಿನ ಪೈಪಿಂದ, ಇವತ್ತು ಬೆಳಿಗ್ಗೆ ಒಂಬತ್ತಕ್ಕೆ."

ಇನ್ಸ್‌ಪೆಕ್ಟರು ಹೊತ್ತನ್ನು ಬರೆದುಕೊಂಡರು. ಆಮೇಲೆ ಕೇಳಿದರು: "ಯಾಕೆ?"

"ಅದೇ ಪೈಪನ್ನ ಶಾಲೆ ನಲ್ಲಿಗೆ ಸೇರಿಸಿದಾರೆ. ನನ್ನ ಮೊಮ್ಮಗಳು ಎರಡನೇ ಕ್ಲಾಸು."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಹೇಳ್ದೆ. ಮೂರು ಸಲ ಮ್ಯಾನೇಜರ ಮುಂದೆ ನಿಂತು ಹೇಳ್ದೆ. 'ತಾತ, ನಿನ್ನ ಕೆಲಸ ಮೀನು, ನೀರಲ್ಲ' ಅಂದ್ರು. ಮೀನು ಬೇರೆ ನೀರು ಬೇರೆ ಅನ್ನೋ ಬುದ್ಧಿವಂತನನ್ನ ಈ ಹೊಳೆ ದಡದಲ್ಲಿ ಇಷ್ಟು ದಿನ ಕಂಡಿರಲಿಲ್ಲ." ಮುದುಕ ಎರಡೂ ಕೈ ಮುಂದೆ ಚಾಚಿದ. "ಆ ಮೂವತ್ತೊಂದೂ ನಾನು ಕೈಯಾರೆ ಸಾಕಿದವು. ಅದಕ್ಕೆ ಬೇಕಾದ್ರೆ ಕೋಳ ಹಾಕಿ. ವಿಷ ಬೆರೆಸ್ದೆ ಅಂತ ಮಾತ್ರ ಬರೀಬೇಡಿ."

ಅವನ ಹೇಳಿಕೆ ಬರೆಸಿಕೊಂಡು, ಊರು ಬಿಡಬಾರದೆಂದು ಹೇಳಿ ಇನ್ಸ್‌ಪೆಕ್ಟರು ಎದ್ದರು. ಸಂಜೆ ಐದರೊಳಗೆ ಪಂಚರ ಎದುರಿಗೆ ಮೂರು ಸೀಸೆ ನೀರು ತುಂಬಿಸಿ ಅರಗಿನ ಮುದ್ರೆ ಹಾಕಿಸಿದರು: ಒಂದು ತೊಟ್ಟಿಯದು, ಒಂದು ಕಾರ್ಖಾನೆಯ ಹಿಂದಿನ ಪೈಪಿನದು, ಒಂದು ಶಾಲೆಯ ಹೊಸ ನಲ್ಲಿಯದು. ಪ್ರಯೋಗಾಲಯಕ್ಕೆ ಮೀಸೆ ತಾನೇ ಒಯ್ದ. ಶನಿವಾರ ಮ್ಯಾನೇಜರು ನಾಲ್ಕು ಸಲ ಫೋನು ಮಾಡಿ, ಕಿಡಿಗೇಡಿಯನ್ನು ಇನ್ನೂ ಯಾಕೆ ಹಿಡಿದಿಲ್ಲವೆಂದು ಕೇಳಿದ.

ಸೋಮವಾರ ಒಂಬತ್ತು ಐವತ್ತಕ್ಕೆ ವರದಿ ಬಂತು. ಮೂರು ಸೀಸೆಯಲ್ಲಿದ್ದದ್ದೂ ಒಂದೇ ನೀರು. ಬಣ್ಣದ ಲವಣ, ಸೀಸ, ಕ್ರೋಮಿಯಂ. ತೊಟ್ಟಿಯ ಸೀಸೆಯಲ್ಲಿ ಹೊರಗಿನಿಂದ ಬೆರೆಸಿದ್ದು ಯಾವುದೂ ಇಲ್ಲ. ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿ, "ಜೀಪು ತೆಗಿ" ಎಂದರು. ದನಿ ತೀರ ತಗ್ಗಿತ್ತು. ಸಾಹೇಬರ ದನಿ ತಗ್ಗಿದರೆ ಏನರ್ಥವೆಂದು ಬಲ್ಲ ಮೀಸೆ ಓಡಿದ.

ಶಾಲೆಯ ಅಂಗಳದಲ್ಲಿ ಮಕ್ಕಳು ಸ್ಟೀಲಿನ ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಕ್ಯಾಮೆರಾ ಸಿದ್ಧವಾಗಿತ್ತು. ಮ್ಯಾನೇಜರು ನಗುತ್ತ ಎದುರು ಬಂದ.

"ಸಿಕ್ಕಿದನಾ ಸಾರ್?"

"ಸಿಕ್ಕಿದ. ಲೋಟಗಳನ್ನ ಕೆಳಗಿಡಿಸಿ."

ಅವರು ಕೊಟ್ಟ ವರದಿಯನ್ನು ಮ್ಯಾನೇಜರು ಓದಿದ. ಇನ್ಸ್‌ಪೆಕ್ಟರನ್ನು ಗೋಡೆಯ ಮರೆಗೆ ಕರೆದ. "ದೂರು ವಾಪಸ್ ತಗೋತೀವಿ. ಇದು ಹೊರಗೆ ಹೋದ್ರೆ ಕಂಪನಿ ಹೆಸರು..."

"ಹೆಸರು!" ಇನ್ಸ್‌ಪೆಕ್ಟರು ಮಕ್ಕಳ ಸಾಲಿನತ್ತ ಕೈ ತೋರಿಸಿದರು. "ಅಲ್ಲಿ ನೋಡ್ರೀ, ಅಲ್ಲಿ! ಲೋಟ ಹಿಡ್ಕೊಂಡು ನಿಂತಿದಾವಲ್ಲ, ಅವಕ್ಕೂ ಹೆಸರಿದೆ. ಈ ನೀರು ಮನುಷ್ಯರನ್ನ ಕೊಲ್ಲುತ್ತೆ ಅಂತ ನನಗೆ ಬರೆದುಕೊಟ್ಟಿದ್ದು ಯಾರು? ಎರಡೆರಡು ಸಹಿ ಹಾಕಿದೀರಿ."

ಹತ್ತು ಇಪ್ಪತ್ತೈದಕ್ಕೆ ಅವನನ್ನು ಬಂಧಿಸಲಾಯಿತು. ಖರೀದಿದಾರರು ಕಾರು ಹತ್ತಿದರು. ಮುದುಕನ ಹೆಸರು ಮೊದಲ ಸಾಕ್ಷಿಯಾಗಿ ಕಡತ ಸೇರಿತು.

ಮಧ್ಯಾಹ್ನದ ಹೇಳಿಕೆಯಲ್ಲಿ ಮ್ಯಾನೇಜರು ಯಾವುದನ್ನೂ ಮುಚ್ಚಿಡಲಿಲ್ಲ. ನೀರು ಶುದ್ಧ ಮಾಡುವ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ರಿಪೇರಿಯಾಗುವವರೆಗೆ ಎಂದು ಬಾವಿ ನೀರು ತರಿಸಿದ್ದ. ಮೀನು ಓಡಾಡುವುದನ್ನು ನೋಡಿದ ಮೇಲೆ ಯಂತ್ರದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

"ಮುದುಕ ಬಂದು ಹೇಳಿದಾಗಲಾದ್ರೂ ನಿಮಗೆ ಅನ್ನಿಸ್ಲಿಲ್ವಾ?"

"ದಿನಾ ಗೇಟಲ್ಲಿ ಆ ಮೀನು ನೋಡ್ಕೊಂಡೇ ಒಳಗೆ ಹೋಗ್ತಿದ್ದೆ ಸಾರ್," ಎಂದ ಮ್ಯಾನೇಜರು, ತಲೆ ಎತ್ತದೆ. "ನೋಡ್ತಾ ನೋಡ್ತಾ, ನೀರು ಚೆನ್ನಾಗೇ ಇದೆ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು."

ಇನ್ಸ್‌ಪೆಕ್ಟರು ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು.

ಅಷ್ಟು ಹೊತ್ತಿಗೆ ಶಾಲೆಯಲ್ಲಿ ಮಹಿಳಾ ಪೇದೆ ಹೊಸ ನಲ್ಲಿಗೆ ಗೋಣಿ ಸುತ್ತಿ ಮುದ್ರೆ ಹಾಕುತ್ತಿದ್ದಳು. ಕಟ್ಟಲು ಹಗ್ಗ ಸಾಲದೆ, ಕತ್ತರಿಸದೆ ಉಳಿದಿದ್ದ ಉದ್ಘಾಟನೆಯ ರಿಬ್ಬನ್ನನ್ನೇ ಬಿಚ್ಚಿ ಬಿಗಿಯಾಗಿ ಕಟ್ಟಿದಳು.